ಲೈನ್ ಬಿಜಿ ಇದೆ

ಫೆಬ್ರವರಿ ೩, ಸೋಮವಾರ

ಮಗು ಮಲಗಿದೆ. ಎಷ್ಟು ಹೊತ್ತು ಮಲಗುತ್ತದೋ ದೇವರಿಗೇ ಗೊತ್ತು. ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ನನ್ನ ತಲೆ ಸಿಡಿದೀತು. ಹೇಳಿಕೊಳ್ಳೋಣವೆಂದರೆ ಈ ಮನೆಯಲ್ಲಿ ಬಾಯಿ ಬಿಡುವಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಮಗ ತನ್ನ ಡೆಲಿವರಿ ವ್ಯಾನಿನಲ್ಲಿ ನನ್ನನ್ನೂ ನನ್ನ ಎರಡು ಚೀಲಗಳನ್ನೂ ಹೇರಿಕೊಂಡು ಬಂದ. ಸೊಸೆಗೆ ಐದನೇ ತಿಂಗಳು. ಹೋದ ಸಲ ನಾಲ್ಕರಲ್ಲೇ ಕೈತಪ್ಪಿತು. ಈ ಸಲ ಡಾಕ್ಟರಮ್ಮ ಒಳಗೆ ಹೊಲಿಗೆ ಹಾಕಿ, ಹಾಸಿಗೆ ಬಿಟ್ಟು ಏಳಕೂಡದು, ಭಾರ ಎತ್ತಕೂಡದು, ಮನೆಯಲ್ಲಿ ಒಬ್ಬರು ಸದಾ ಇರಬೇಕು ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಬಚ್ಚಲಿಗೆ ಹೋಗಿಬರಬಹುದು, ಅಷ್ಟೇ. ಮಗ ತಗ್ಗು ಮಂಚವನ್ನು ಒಳಕೋಣೆಯ ಬಾಗಿಲ ಪಕ್ಕಕ್ಕೇ ಎಳೆದು ಹಾಕಿದ್ದಾನೆ. ಕೋಣೆಯೊಳಗಿನ ಬಚ್ಚಲೂ ಹತ್ತಿರ, ತಟ್ಟೆ ಕೊಡಲೂ ಸುಲಭ.

ಇನ್ನು ಮಗು. ಎರಡು ವರ್ಷ ಮೂರು ತಿಂಗಳು. ಮಗುವಲ್ಲ ಅದು, ಬುಗುರಿ. ಎದ್ದ ಗಳಿಗೆಯಿಂದ ಗಿರಗಿರ. ನಿನ್ನೆ ಸಂಜೆ ಓಡಿಬಂದು ಅಮ್ಮನ ಹೊಟ್ಟೆಯ ಮೇಲೆ ಧೊಪ್ಪನೆ ಬೀಳುವುದರಲ್ಲಿತ್ತು. ನಾನು ಲಂಗ ಹಿಡಿದು ಎಳೆಯದಿದ್ದರೆ ಏನಾಗುತ್ತಿತ್ತೋ! ಸೊಸೆಯಾದರೋ, “ಏನೂ ಆಗಲ್ಲ ಬಿಡಿ ಅತ್ತೆ, ಪಕ್ಕದಲ್ಲಿ ಕೂತಿರ್ಲಿ,” ಎನ್ನುತ್ತಾಳೆ. ಅವಳದು ಯಾವಾಗಲೂ ಇದೇ ಪಾಠ. ಬಿಡಿ, ಇರಲಿ, ಏನೂ ಆಗಲ್ಲ. ಹೋದ ಸಲವೂ ಹಾಗೇ ಅನ್ನುತ್ತಾ ಮಗುವನ್ನು ಸೊಂಟದಿಂದ ಇಳಿಸಲಿಲ್ಲ.

ನಾನೇ ತೀರ್ಮಾನ ಮಾಡಿದೆ. ಇವತ್ತು ಮಗು ಏಳುವ ಮುಂಚೆ ಒಳಕೋಣೆಯ ಬಾಗಿಲೆಳೆದು ಮೇಲಿನ ಚಿಲಕ ಹಾಕಿದೆ. ಕೇಳಿದಾಗ, “ಅಮ್ಮ ಊರಿಗೆ ಹೋಗಿದ್ದಾಳೆ ಪುಟ್ಟಾ, ಬರ್ತಾಳೆ,” ಎಂದೆ. ಸೊಸೆಗೆ ಮೊದಲೇ ಹೇಳಿದ್ದೆ. “ನಿನ್ನ ದನಿ ಕೇಳಿಸಿದ್ರೆ ಅದು ಬಾಗಿಲು ಬಡಿಯುತ್ತೆ, ಅದು ಅತ್ರೆ ನೀನು ಎದ್ದು ಬರ್ತೀಯ. ಬಾಯಿ ಮುಚ್ಕೊಂಡಿರಮ್ಮ, ಸ್ವಲ್ಪ ದಿನ.” ಅವಳು ಗಂಡನ ಮುಖ ನೋಡಿದಳು. ಅವನು ತನ್ನ ಚಪ್ಪಲಿ ನೋಡಿಕೊಂಡ. ಆಮೇಲೆ, “ಸರಿ ಅತ್ತೆ,” ಎಂದಳು.

ಎದ್ದಿತು. ಪೆನ್ನು ಮುಚ್ಚಬೇಕು, ಇಲ್ಲವಾದರೆ ಅದನ್ನೂ ನುಂಗುತ್ತದೆ.

ಫೆಬ್ರವರಿ ೪, ಮಂಗಳವಾರ

ಆಡಿಸುವುದೆಂದರೆ ಏನಂತ ತಿಳಿದಿದ್ದೆ ನಾನು! ನನ್ನ ಮಗನನ್ನು ಬೆಳೆಸಿದವರು ನಮ್ಮತ್ತೆ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿರುತ್ತಿದ್ದೆ.

ಪಾತ್ರೆ ಕೊಟ್ಟೆ. ಸೌಟಿನಿಂದ ಬಾರಿಸಿತು. ಸದ್ಯ, ಕೂತಲ್ಲೇ ಕೂತಿದೆ ಎಂದುಕೊಳ್ಳುವಷ್ಟರಲ್ಲಿ ಕೆಳಗಿನ ಮನೆಯ ಮೇಷ್ಟ್ರು ಕೋಲಿನಿಂದ ತಮ್ಮ ಸೂರಿಗೆ ಕುಟ್ಟಿದರು. ಮಗುವಿಗೆ ಅದು ಇನ್ನೂ ಚೆನ್ನಾಯಿತು. ಇದು ಮೇಲಿನಿಂದ ಕುಟ್ಟುವುದು, ಅವರು ಕೆಳಗಿನಿಂದ ಉತ್ತರ ಕೊಡುವುದು. ಕೊನೆಗೆ ಅವರೇ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

“ಏನ್ರಮ್ಮಾ, ಮನೆ ಕಟ್ತಿದ್ದೀರೋ, ಕೆಡವ್ತಿದ್ದೀರೋ?”

“ಮಗು ಮೇಷ್ಟ್ರೇ. ಆಡ್ತಾ ಇದೆ.”

“ಪಾರ್ಕಿಗೆ ಕರ್ಕೊಂಡ್ಹೋಗಿ.”

ಎಲ್ಲಿಗೆ ಹೋಗಲಿ? ಒಳಗೆ ಒಬ್ಬಳು ಮಲಗಿದ್ದಾಳೆ. ಅವಳನ್ನು ಬಿಟ್ಟು ಹೊಸ್ತಿಲು ದಾಟುವಂತಿಲ್ಲ. ಅದನ್ನು ಮಗುವಿನ ಮುಂದೆ ಹೇಳುವಂತೆಯೂ ಇಲ್ಲ. ಬೆಪ್ಪಳ ಹಾಗೆ ಹಲ್ಲು ಬಿಟ್ಟೆ.

ಆಮೇಲೆ ಟಬ್ಬಿನಲ್ಲಿ ನೀರು, ಎರಡು ಲೋಟ. ಹಾಲ್ ತುಂಬ ಕೆರೆ. ಒರೆಸಲು ಹೋಗಿ ನಾನು ಜಾರಿದೆ, ಸೋಫಾ ಹಿಡಿದುಕೊಂಡೆ. ನನ್ನ ಸೊಂಟವೂ ಮುರಿದರೆ ಒಳಗೊಬ್ಬಳು ಹೊರಗೊಬ್ಬಳು ಮಲಗಬೇಕಾದೀತು. ಮಗು ಚಪ್ಪಾಳೆ ತಟ್ಟಿ, “ಅಚ್ಚಿ, ಇನ್ನೊಂದ್ಸಲ!” ಎಂದಿತು.

ಸಾಕಪ್ಪ ಸಾಕು.

ಫೆಬ್ರವರಿ ೬, ಗುರುವಾರ

ಮಗನ ಬುದ್ಧಿಗೆ ಏನು ಹೇಳಲಿ. ನಿನ್ನೆ ಸಂಜೆ ಮಗು “ಅಮ್ಮ, ಅಮ್ಮ” ಎಂದು ರಂಪ ಮಾಡಿದಾಗ, “ಊರಲ್ಲಿರೋ ಅಮ್ಮನ ಜೊತೆ ಮಾತಾಡ್ತೀಯಾ?” ಎಂದು ಸೊಸೆಯ ಮೊಬೈಲಿಗೆ ಫೋನ್ ಮಾಡಿ ಮಗುವಿನ ಕಿವಿಗಿಟ್ಟ. ಅವಳು ಒಳಗಿನಿಂದ ಎಷ್ಟು ಮೆಲ್ಲಗೆ “ಚಿನ್ನೂ” ಎಂದರೂ ದನಿ ಎರಡು ಕಡೆಯಿಂದ ಬಂತು. ಮಗು ಫೋನನ್ನು ಕೆಳಗಿಳಿಸಿ ಬಾಗಿಲನ್ನೇ ನೋಡಿತು. ಫೋನ್ ಕಿತ್ತುಕೊಂಡು ಕಟ್ ಮಾಡಿದೆ. ಇನ್ನು ಮೇಲೆ ಫೋನೂ ಬೇಡ ಎಂದು ಇಬ್ಬರಿಗೂ ಹೇಳಿದ್ದೇನೆ.

ಆದರೆ ಅದರಿಂದಲೇ ಒಂದು ಉಪಾಯ ಹೊಳೆಯಿತು. ಮಗನ ಶೂ ಡಬ್ಬಿಗೆ ಕತ್ತರಿಯಿಂದ ಸಾಲಾಗಿ ತೂತು ಕೊರೆದೆ. ಹಳೆಯ ಶೂ ಲೇಸುಗಳನ್ನು ಒಂದು ಕಡೆ ಗಂಟು ಹಾಕಿ ಇಳಿಬಿಟ್ಟೆ. ತೂತಿಗೆ ವೈರು ಸಿಕ್ಕಿಸಿ ಲೈನ್ ಕೊಡುತ್ತಿದ್ದ ನಮ್ಮ ಎಕ್ಸ್‌ಚೇಂಜಿನ ಬೋರ್ಡೇ ಆಯಿತು. ತಲೆಗೆ ಬಟ್ಟೆ ಕಟ್ಟಿಕೊಂಡು, ದನಿ ತೆಳ್ಳಗೆ ಮಾಡಿ, “ನಂಬರ್ ಪ್ಲೀಸ್?” ಎಂದೆ. ಎಷ್ಟು ವರ್ಷವಾಗಿತ್ತು ಹಾಗೆ ಅಂದು! ಮಗು ಬಾಯಿ ತೆರೆದುಕೊಂಡು ನೋಡಿತು. ಆಮೇಲೆ ಒಂದು ಲೇಸು ಹಿಡಿದು ತೂತಿಗೆ ತುರುಕಿತು. ಅದರ ಆಟದ ಬಾತುಕೋಳಿಗೆ ಲೈನ್ ಕೊಟ್ಟೆವು. ಅಪ್ಪನ ವ್ಯಾನಿಗೆ ಕೊಟ್ಟೆವು. ಮೇಷ್ಟ್ರ ಕೋಲಿಗೂ ಕೊಟ್ಟೆವು. ಒಂದು ಗಂಟೆ ಕೂತಲ್ಲಿಂದ ಏಳಲಿಲ್ಲ, ನನ್ನ ಬುಗುರಿ!

ಕೊನೆಗೆ ಒಂದು ಲೇಸು ಎತ್ತಿ, “ಅಮ್ಮ ಬೇಕು,” ಎಂದಿತು.

ಏನು ಹೇಳಲಿ? ಬಾಯಿಗೆ ಬಂದದ್ದು ಹೇಳಿದೆ. “ಲೈನ್ ಬಿಜಿ ಇದೆ.”

ಮತ್ತೆ ಕೇಳಿತು. ಮತ್ತೆ ಅದನ್ನೇ ಹೇಳಿದೆ. ಮೂರನೇ ಸಲ ಕೇಳಲಿಲ್ಲ, ಲೇಸಿನ ತುದಿ ಬಾಯಲ್ಲಿಟ್ಟುಕೊಂಡು ಚೀಪುತ್ತಾ ಕೂತಿತು.

ಫೆಬ್ರವರಿ ೯, ಭಾನುವಾರ

ನನ್ನ ಕಂದು ಕೋಟಿನ ಗುಂಡಿ ಒಂದು ಕಾಣುತ್ತಿಲ್ಲ. ಬೆಳಿಗ್ಗೆ ಮಗು ಅದನ್ನು ಜಗ್ಗುತ್ತಿದ್ದುದನ್ನು ಕಣ್ಣಾರೆ ನೋಡಿದ್ದೆ. ಆಮೇಲೆ ನೋಡಿದರೆ ದಾರ ಮಾತ್ರ ನೇತಾಡುತ್ತಿದೆ. ಸೋಫಾ ಕೆಳಗೆ, ಚಾಪೆ ಕೆಳಗೆ, ಕಸದ ಬುಟ್ಟಿ, ಎಲ್ಲ ಜಾಲಾಡಿದೆ. ಮಗುವಿನ ಬಾಯಿಗೆ ಬೆರಳು ಹಾಕಿ ನೋಡಿದೆ, ಕಚ್ಚಿತು.

“ಗುಂಡಿ ಎಲ್ಲಿ?” ಎಂದರೆ ಕೈ ಮೇಲೆ ಮಾಡಿ, “ಹೋಯ್ತು,” ಎನ್ನುತ್ತದೆ.

ಎಲ್ಲಿಗೆ ಹೋಯ್ತು? ಹೊಟ್ಟೆಗೇ? ದೇವರೇ, ಒಂದು ಮಗುವನ್ನು ಉಳಿಸಲು ಬಂದು ಇನ್ನೊಂದನ್ನು ಕಳೆದೇನೆ?

ಫೆಬ್ರವರಿ ೧೧, ಮಂಗಳವಾರ

ಎರಡು ದಿನದಿಂದ ಮಗುವಿನ ಕಕ್ಕ ಕೆದಕುತ್ತಿದ್ದೇನೆ. ಬಾಳಿನಲ್ಲಿ ಇದೊಂದು ಬಾಕಿ ಇತ್ತು. ಗುಂಡಿ ಇಲ್ಲ. ಮೇಲಾಗಿ ಇವತ್ತು ಟೀ ಚಮಚ ಒಂದು ಇಲ್ಲ, ಕೆಂಪು ಕ್ರೇಯಾನ್ ಇಲ್ಲ. ಚಮಚ ನುಂಗಲು ಸಾಧ್ಯವಿಲ್ಲ ಎಂದು ನನಗೂ ಗೊತ್ತು. ಆದರೂ ಹೊಟ್ಟೆ ಒತ್ತಿ ನೋಡಿದೆ.

ನರ್ಸಮ್ಮ ಬಂದಿದ್ದರು. ಮಂಗಳವಾರ, ಶನಿವಾರ ಮಧ್ಯಾಹ್ನ ಮಗು ಮಲಗಿದ ಹೊತ್ತು ನೋಡಿ ಬಂದು ಸೊಸೆಗೆ ಇಂಜೆಕ್ಷನ್ ಕೊಟ್ಟು ಹೋಗುತ್ತಾರೆ. ನನ್ನ ಕಣ್ಣಿನ ಕೆಳಗಿನ ಕಪ್ಪು ನೋಡಿ, “ನಿಮಗೂ ಒಂದು ಕೊಡ್ಲೇನಮ್ಮ?” ಎಂದು ನಕ್ಕರು.

ಸಂಜೆ ಅಡುಗೆಮನೆಯಿಂದ ಬರುವಾಗ ಒಳಕೋಣೆಯಿಂದ ಪಿಸುಪಿಸು ಕೇಳಿತು. ಸೊಸೆ ತನ್ನ ಅಮ್ಮನ ಜೊತೆ ಫೋನಿನಲ್ಲಿರಬೇಕು. ನನ್ನ ಮೇಲೆ ದೂರು ಹೇಳುತ್ತಿದ್ದಾಳೋ ಏನೋ, ಹೇಳಲಿ. ನಿಂತು ಕೇಳುವವಳಲ್ಲ ನಾನು. ಕೆಲಸಕ್ಕೆ ಸೇರಿದ ಮೊದಲ ದಿನ ಸೂಪರ್‌ವೈಸರಮ್ಮ ನನ್ನ ಹೆಡ್‌ಫೋನ್ ಸರಿಮಾಡುತ್ತಾ, “ಲೈನ್ ಕೊಡು, ಕಿವಿ ತೆಗಿ. ಅವರ ಮಾತು ಅವರದ್ದು,” ಎಂದಿದ್ದರು. ಊರಿನ ಅರ್ಧ ಗುಟ್ಟು ನನ್ನ ಕೈಯಲ್ಲಿ ಹಾದುಹೋಗಿದೆ. ಒಂದನ್ನೂ ಕೇಳಿದವಳಲ್ಲ. ಬೇರೆ ಹುಡುಗಿಯರು ಕದ್ದು ಕೇಳಿ ಕಿಸಿಕಿಸಿ ನಗುತ್ತಿದ್ದರೆ ನಾನು ಬೈಯುತ್ತಿದ್ದೆ. ರೇಡಿಯೋ ಜೋರು ಮಾಡಿ ಅಡುಗೆಮನೆಗೆ ವಾಪಸ್ ಹೋದೆ.

ಮಗು ಪ್ಯಾಸೇಜಿನಲ್ಲಿ, ಅದೇ ಬಾಗಿಲ ಮುಂದೆ, ನೆಲಕ್ಕೆ ಕೆನ್ನೆ ಹಚ್ಚಿ ಬೋರಲು ಮಲಗಿತ್ತು. ಒಂದು ಕ್ಷಣ ಗಾಬರಿಯಾಯಿತು. ಆದರೆ ಕೇಳಿಸಿದ್ದರೆ ಬಾಗಿಲು ಬಡಿಯದೆ ಬಿಡುತ್ತಿತ್ತೇ? ಅಲ್ಲಿ ಬಿಸಿಲು ಬೀಳುವುದಿಲ್ಲ, ನೆಲ ತಣ್ಣಗಿರುತ್ತದೆ. ಮಲಗಿರಲಿ ಎಂದು ಬಿಟ್ಟೆ.

ಫೆಬ್ರವರಿ ೧೩, ಗುರುವಾರ

ಮಗ ರಜೆ ಹಾಕಿ ಮಗುವನ್ನು ಎಕ್ಸ್‌ರೇಗೆ ಕರೆದುಕೊಂಡು ಹೋದ. ಹೊಟ್ಟೆಯಲ್ಲಿ ಗುಂಡಿಯೂ ಇಲ್ಲ, ಚಮಚವೂ ಇಲ್ಲ. ಡಾಕ್ಟರು ನಕ್ಕರಂತೆ. ನನಗೆ ನಗು ಬರಲಿಲ್ಲ, ಬಾಗಿಲ ಬಳಿ ನಿಂತು ಅತ್ತುಬಿಟ್ಟೆ. ಮಗ, “ಏನಮ್ಮಾ ನೀನು, ಒಳ್ಳೇ ಸುದ್ದಿಗೂ ಅಳ್ತೀಯಲ್ಲ,” ಎಂದ.

ಅವರು ಹೋದ ಹೊತ್ತಿನಲ್ಲಿ ಮನೆ ಎಷ್ಟು ಖಾಲಿಯಾಗಿತ್ತೆಂದರೆ ಮೇಷ್ಟ್ರು ಕೆಳಗಿನಿಂದ ಒಂದು ಸಲ ಕುಟ್ಟಿ ನೋಡಿದರು. ಬುಗುರಿ ಇದ್ದಾಳೋ ಇಲ್ಲವೋ ಅಂತ ಇರಬೇಕು.

ಫೆಬ್ರವರಿ ೧೭, ಸೋಮವಾರ

ಮೂರು ದಿನ ಬರೆಯಲಿಲ್ಲ. ಪುರುಸೊತ್ತು ಇರಲಿಲ್ಲ ಎನ್ನುವುದಕ್ಕಿಂತ ಬುಗುರಿ ಮಲಗಿದಾಗ ನಾನೂ ಅವಳ ಪಕ್ಕದಲ್ಲೇ ನಿದ್ದೆ ಹೋಗುತ್ತಿದ್ದೇನೆ. ಕೈಯನ್ನು ನನ್ನ ಕುತ್ತಿಗೆಗೆ ಹಾಕಿಕೊಂಡೇ ಮಲಗುತ್ತಾಳೆ. ತೆಗೆದರೆ ಎದ್ದುಬಿಡುತ್ತಾಳೆ ಎಂದು ತೆಗೆಯುವುದಿಲ್ಲ.

ಈಗೀಗ ಆಟ ಕೈಹಿಡಿದಿದೆ. ಬೆಳಿಗ್ಗೆ ಎಕ್ಸ್‌ಚೇಂಜು. ಆಮೇಲೆ ನನ್ನ ಸೀರೆಯ ಮಡಿಕೆಯಲ್ಲಿ ಬಾತುಕೋಳಿ ಹುಡುಕುವುದು. ಆಮೇಲೆ ಮೇಷ್ಟ್ರಿಗೆ ಒಂದೇ ಒಂದು ಸಲ ಕುಟ್ಟಿ ಗುಡ್ ಮಾರ್ನಿಂಗ್ ಹೇಳುವುದು. ಅವರೂ ಒಂದು ಸಲ ಕುಟ್ಟುತ್ತಾರೆ. ನಾನು ತಟ್ಟೆ ತೊಳೆಯುವಾಗ ತಾನೇ ಪ್ಯಾಸೇಜಿಗೆ ಹೋಗಿ ತಣ್ಣನೆ ನೆಲದ ಮೇಲೆ ಮಲಗಿಕೊಳ್ಳುತ್ತಾಳೆ. ದಿನದಲ್ಲಿ ಅವಳು ಸುಮ್ಮನಿರುವುದು ಅದೊಂದೇ ಹೊತ್ತು. ನಾನೂ ಆ ಕಡೆ ಸುಳಿಯುವುದಿಲ್ಲ, ಎಬ್ಬಿಸಿದಂತಾದೀತು ಎಂದು.

ವಸ್ತುಗಳು ಮಾತ್ರ ಮಾಯವಾಗುತ್ತಲೇ ಇವೆ. ಒಂದು ಕಾಲುಚೀಲ, ನನ್ನ ಕನ್ನಡಕದ ದಾರ. ಎಕ್ಸ್‌ರೇ ಆದಮೇಲೂ ಎದೆಯ ಒಂದು ಮೂಲೆಯಲ್ಲಿ ಅಳುಕು ಹೋಗಿಲ್ಲ. ಕಿಟಕಿಯಿಂದ ಎಸೆಯುತ್ತಾಳೋ ಏನೋ, ಅದಕ್ಕೂ ಬಲೆ ಕಟ್ಟಿಸಬೇಕು. ಇವತ್ತು ಅವಳ ಮುಷ್ಟಿ ಬಿಡಿಸಿದರೆ ಒಳಗೆ ಅವಳಮ್ಮನ ಕೂದಲ ಕ್ಲಿಪ್ಪು! ಸೊಸೆ ಎಲ್ಲೆಲ್ಲಿ ಏನೇನು ಬೀಳಿಸಿದ್ದಾಳೋ. ಅವಳ ಅಚ್ಚುಕಟ್ಟು ನನಗೆ ಗೊತ್ತಿಲ್ಲವೇ?

ಮಧ್ಯಾಹ್ನ ಊಟ ಕೊಡಲು ಹೋದಾಗ ಸೊಸೆ, “ಇವತ್ತು ಬಾತುಕೋಳಿ ಬೇಗ ಸಿಕ್ತಾ ಅತ್ತೆ?” ಎಂದು ಕೇಳಿದಳು.

“ನಿಂಗೆಲ್ಲ ಕೇಳಿಸುತ್ತಾ?”

“ಎಲ್ಲಾ ಕೇಳಿಸುತ್ತೆ.”

ಪಾಪ ಅನ್ನಿಸಿತು. ಮನಸ್ಸು ಗಟ್ಟಿ ಮಾಡಿಕೊಂಡು ಚಿಲಕ ಹಾಕಿದೆ. ಹೊಟ್ಟೆಯೊಳಗಿನ ಕೂಸು ಉಳಿದರೆ ನಾಳೆ ಇವಳೇ ನನಗೆ ಕೈಮುಗಿಯುತ್ತಾಳೆ.

ಫೆಬ್ರವರಿ ೨೦, ಗುರುವಾರ

ಬುಗುರಿ ಇವತ್ತು ನನ್ನ ಬೆರಳು ಹಿಡಿದು ಪ್ಯಾಸೇಜಿಗೆ ಎಳೆದುಕೊಂಡು ಹೋದಳು. ಬಾಗಿಲ ಕೆಳಗೆ ಎರಡು ಬೆರಳಷ್ಟು ಸಂದಿದೆ. ಅದನ್ನು ತೋರಿಸಿ, ಗುಟ್ಟು ಹೇಳುವವಳ ಹಾಗೆ, “ಅಮ್ಮ ಇಲ್ಲಿ,” ಎಂದಳು.

“ಇಲ್ಲ ಪುಟ್ಟಾ. ಅಮ್ಮ ಊರಲ್ಲಿದ್ದಾಳೆ.”

“ಅಮ್ಮ ಇಲ್ಲಿ.” ಕಣ್ಣಲ್ಲಿ ನಗು. ನನಗೆ ಗೊತ್ತಿಲ್ಲದ್ದನ್ನು ನನಗೆ ಹೇಳಿಕೊಡುತ್ತಿದ್ದಾಳೆ ಎನ್ನುವ ಹಾಗೆ.

ಸೊಸೆಯ ಕೆಮ್ಮು ಕೇಳಿಸಿರಬೇಕು, ಬೆಳಿಗ್ಗೆ ಎರಡು ಸಲ ಕೆಮ್ಮಿದ್ದಳು. ಇನ್ನು ಬಾಗಿಲು ಬಡಿತ, ಅಳು, ಸೊಸೆ ಎದ್ದು ಬರುವುದು, ಆಮೇಲೆ ಹೋದ ಸಲದ ಹಾಗೇ... ಬುಗುರಿ ಮಲಗಿದ ಮೇಲೆ ಹಳೆಯ ಜಮಖಾನೆಯನ್ನು ಬಿಗಿಯಾಗಿ ಸುರುಳಿ ಸುತ್ತಿ ಸಂದಿಗೆ ತುರುಕಿದೆ. ಅದು ಕದಲದಂತೆ ನನ್ನ ಟ್ರಂಕನ್ನು ಎಳೆದು ಒತ್ತರಿಸಿದೆ. ಮಗನ ಕೈಲಿ ಆಗುವ ಕೆಲಸವಾಗಿತ್ತು, ಅವನು ಬರುವವರೆಗೆ ತಡೆಯಲಾಗಲಿಲ್ಲ.

ಸಂಜೆ ಮಗ ಬುಗುರಿಯನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಹೋದಾಗ ಟ್ರಂಕು ಸರಿಸಿ ಒಳಗೆ ಹೋದೆ. ಸೊಸೆ ಮಂಚದ ಅಂಚಿನಲ್ಲಿದ್ದಳು.

“ಅತ್ತೆ, ಸಂದು ಮುಚ್ಚಬೇಡಿ.”

“ಯಾಕೆ?”

“ಗಾಳಿ ಬರಲ್ಲ,” ಎಂದಳು.

“ಕಿಟಕಿ ಇದೆಯಲ್ಲಮ್ಮ. ಇನ್ನೆಷ್ಟು ಗಾಳಿ ಬೇಕು ನಿಂಗೆ?”

ಗೋಡೆಯ ಕಡೆ ತಿರುಗಿ ಮಲಗಿದಳು. ಎಲ್ಲರಿಗೂ ನಾನೇ ರಾಕ್ಷಸಿ ಈ ಮನೆಯಲ್ಲಿ.

ಫೆಬ್ರವರಿ ೨೧, ಶುಕ್ರವಾರ

ಇಂಥ ದಿನ ಶತ್ರುವಿಗೂ ಬೇಡ.

ಬುಗುರಿ ಎದ್ದವಳೇ ಪ್ಯಾಸೇಜಿಗೆ ಹೋಗಿ ಟ್ರಂಕು ನೋಡಿದಳು. ತಳ್ಳಿದಳು. ಅದು ಕದಲಲಿಲ್ಲ. ಶುರುವಾಯಿತು. ಹಾಲು ಚೆಲ್ಲಿದಳು. ಎಕ್ಸ್‌ಚೇಂಜ್ ಡಬ್ಬಿಯ ಮೇಲೆ ನಿಂತು ಕುಣಿದು ಚಪ್ಪಟೆ ಮಾಡಿದಳು. ಎತ್ತಿಕೊಳ್ಳಲು ಹೋದರೆ ನನ್ನ ತೋಳಿಗೆ ಹಲ್ಲು ಊರಿದಳು. ಮೇಷ್ಟ್ರು ಒಂದು ಸಲ ಕುಟ್ಟಿದರು, ಗುಡ್ ಮಾರ್ನಿಂಗ್ ಅಂತ. ಅವಳು ಉತ್ತರ ಕೊಡಲಿಲ್ಲ. ಟ್ರಂಕಿನ ಮೇಲೆ ಹತ್ತಿ, ಬಾಗಿಲಿಗೆ ಬೆನ್ನು ಹಚ್ಚಿ, ಕರುಳು ಹಿಂಡುವ ಹಾಗೆ ಅತ್ತಳು. ಊಟವಿಲ್ಲ. ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತು ಬೇಡಿಕೊಂಡೆ. ನನ್ನನ್ನು ನೋಡಲೂ ಇಲ್ಲ.

ಒಳಗಿನಿಂದ ಒಂದು ಸದ್ದಿಲ್ಲ. ಇಷ್ಟು ಅತ್ತರೂ ಏಳಲಿಲ್ಲ ಸೊಸೆ. ಶಭಾಷ್ ಎನ್ನಬೇಕು.

ಇವತ್ತು ಮನೆಯಲ್ಲಿ ಯಾವ ವಸ್ತುವೂ ಕಳೆದಿಲ್ಲ. ಅದೊಂದು ಸಮಾಧಾನ.

ಫೆಬ್ರವರಿ ೨೨, ಶನಿವಾರ

ಹೇಗೆ ಬರೆಯಲಿ.

ಮಧ್ಯಾಹ್ನ ನರ್ಸಮ್ಮ ಬಂದರು. ಟ್ರಂಕು ನೋಡಿ, “ಇದೇನ್ರಮ್ಮ, ಕೋಟೆ ಕಟ್ಟಿದ್ದೀರಿ?” ಎಂದರು. ಸರಿಸಿ ಬಾಗಿಲು ತೆರೆದೆವು. ಸೊಸೆ ಮಂಚದ ಮೇಲಿರಲಿಲ್ಲ. ನೆಲದ ಮೇಲೆ, ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತಿದ್ದಳು. ಕೈಯಲ್ಲಿ ಬಾಚಣಿಗೆ, ಅದರ ಹಲ್ಲುಗಳಿಗೆ ಜಮಖಾನೆಯ ಎಳೆಗಳು ಸಿಕ್ಕಿಕೊಂಡಿದ್ದವು. ಆ ಕಡೆಯಿಂದ ತಳ್ಳಿದ್ದಾಳೆ, ಕೆದಕಿದ್ದಾಳೆ. ನೈಟಿಯಲ್ಲಿ ರಕ್ತ ಕಂಡಿತು.

ನರ್ಸಮ್ಮ ಒಬ್ಬರೇ ಅವಳನ್ನು ಎತ್ತಿ ಮಂಚದ ಮೇಲೆ ಮಲಗಿಸಿದರು. ಕಾಲ ಕೆಳಗೆ ಇಡಲು ದಿಂಬು ಎಳೆದರು. ದಿಂಬಿನ ಕೆಳಗೆ ನನ್ನ ಕೋಟಿನ ಗುಂಡಿ. ಟೀ ಚಮಚ. ಕೆಂಪು ಕ್ರೇಯಾನ್. ಕಾಲುಚೀಲ. ನನ್ನ ಕನ್ನಡಕದ ದಾರ. ಅರ್ಧ ಕಚ್ಚಿದ ಬಿಸ್ಕತ್ತು, ಒಣಗಿ ಕಲ್ಲಾಗಿತ್ತು.

“ಇದೆಲ್ಲ ಇಲ್ಲಿಗೆ...” ಎಂದೆ.

“ಅವಳೇ ಕೊಟ್ಟಿದ್ದು,” ಎಂದಳು ಸೊಸೆ. “ಸಂದಿಯಿಂದ. ದಿನಾ ಒಂದು ತಂದ್ಕೊಡ್ತಿದ್ಲು. ನಾನು ಬೆರಳು ಚಾಚ್ತಿದ್ದೆ, ಹಿಡ್ಕೊಂಡು ಮಲಗ್ತಿದ್ಲು.”

“ನಂಗೆ ಯಾಕೆ ಹೇಳ್ಲಿಲ್ಲ? ಅವಳು ಅದನ್ನ ನುಂಗಿದ್ಳು ಅಂತ ನಾನು...”

“ಹೇಳಿದ್ರೆ ಮುಚ್ಚಿಬಿಡ್ತಿದ್ರಿ. ಎಕ್ಸ್‌ರೇ ದಿನ ಹೇಳ್ಬೇಕಂತ ಬಾಯಿ ತನಕ ಬಂದಿತ್ತು. ಆಗ್ಲಿಲ್ಲ.” ಉಸಿರು ತೆಗೆದುಕೊಂಡಳು. “ಬಾಯಿ ಮುಚ್ಕೊಂಡಿರು ಅಂದ್ರಿ, ಇದ್ದೆ ಅತ್ತೆ. ಅವಳ ಜೊತೆ ಪಿಸುಗುಟ್ಟಿದ್ದು ಬಿಟ್ರೆ ಒಂದ್ಮಾತಾಡಿಲ್ಲ. ಕೈ ಮುಚ್ಕೊಂಡಿರು ಅಂತ ನೀವು ಹೇಳಿರ್ಲಿಲ್ಲ.”

ಆ ಪಿಸುಪಿಸು! ನಾನು ರೇಡಿಯೋ ಜೋರು ಮಾಡಿ ಹೋಗಿದ್ದೆ. ಕೇಳಬಾರದೆಂದು, ದೊಡ್ಡ ಮರ್ಯಾದಸ್ಥೆ! ಒಂದೇ ಒಂದು ಸಲ ಕಿವಿಯಿಟ್ಟಿದ್ದರೆ ಸಾಕಾಗಿತ್ತು.

“ಬಾಗಿಲು ಹಾಕಿ ಅಂತ ಯಾರಮ್ಮ ಹೇಳಿದ್ದು?” ನರ್ಸಮ್ಮ ಫೋನ್ ಒತ್ತುತ್ತಲೇ ಗದರಿದರು. “ಎತ್ಕೋಬಾರದು ಅಂದ್ರು ಡಾಕ್ಟ್ರು. ಪಕ್ಕದಲ್ಲಿ ಕೂರಿಸ್ಬಾರದು ಅಂದ್ರಾ? ಊರಿಗೆ ಹೋಗಿದ್ದಾಳೆ ಅನ್ನಿ ಅಂದ್ರಾ?”

ಯಾರೂ ಹೇಳಿರಲಿಲ್ಲ. ನಾನೇ.

ಗಲಾಟೆಗೆ ಬುಗುರಿ ಎದ್ದಳು. ಪ್ಯಾಸೇಜಿನಲ್ಲಿ ಪಾದದ ಪಟಪಟ ಸದ್ದು. ತೆರೆದ ಬಾಗಿಲು ಕಂಡು ಓಡಿಬರುತ್ತಾಳೆ, ಹೊಟ್ಟೆಯ ಮೇಲೆ ಬೀಳುತ್ತಾಳೆ ಎಂದು ನಾನು ಎರಡೂ ಕೈ ಅಗಲಿಸಿ ಅಡ್ಡ ನಿಂತೆ. ಅವಳು ಹೊಸ್ತಿಲಲ್ಲಿ ನಿಂತಳು. ಅಮ್ಮನನ್ನು ನೋಡಿದಳು. ನನ್ನ ಕೈಯ ಕೆಳಗೆ ನುಸುಳಿ ಬಂದು, ಮಂಚದ ಪಕ್ಕದಲ್ಲಿ ನೆಲಕ್ಕೆ ಕೆನ್ನೆ ಹಚ್ಚಿ ಬೋರಲು ಮಲಗಿ, ಕೈ ಮೇಲೆ ಚಾಚಿದಳು. ಸೊಸೆ ಮಂಚದಿಂದ ಬೆರಳು ಇಳಿಬಿಟ್ಟಳು. ಅವಳು ಹಿಡಿದುಕೊಂಡಳು. ಅಷ್ಟೇ. ನಾನು ಕೈ ಅಗಲಿಸಿಕೊಂಡು ನಿಂತೇ ಇದ್ದೆ.

ಮಗ ವ್ಯಾನ್ ತಂದ. ಹಿಂದಿನ ಸಾಮಾನೆಲ್ಲ ಬೀದಿಯಲ್ಲಿಳಿಸಿ ಹಾಸಿಗೆ ಹಾಸಿದರು. ಮೇಷ್ಟ್ರು ಓಡಿಬಂದು ಒಂದು ಕಡೆ ಹಿಡಿದುಕೊಂಡರು. ಮಗ ಹೆಂಡತಿಗೆ, “ನಿಂಗೆ ಬುದ್ಧಿ ಬೇಡ್ವಾ, ಯಾಕೆ ಎದ್ದೆ?” ಎಂದ. ನನಗೆ ಎಲ್ಲಿತ್ತೋ ಸಿಟ್ಟು. “ಅವಳನ್ನ ಅಂದ್ರೆ ಜೋಕೆ,” ಎಂದೆ. “ಬೈಯೋದಿದ್ರೆ ನನ್ನ ಬೈ. ಮೊದಲು ಗಾಡಿ ಬಿಡು, ಮೆಲ್ಲಗೆ ಬಿಡು.”

ಫೆಬ್ರವರಿ ೨೩, ಭಾನುವಾರ

ಆಸ್ಪತ್ರೆಯಿಂದ ಫೋನ್ ಇಲ್ಲ.

ನಾನಾಗಿ ಮಾಡಿದರೆ ಮಗ ತೆಗೆಯುತ್ತಿಲ್ಲ.

ಫೆಬ್ರವರಿ ೨೪, ಸೋಮವಾರ

ಫೋನನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಓಡಾಡುತ್ತಿದ್ದೇನೆ. ಬೆಳಿಗ್ಗೆ ಮಗ ಒಂದು ಮಾತು ಹೇಳಿ ಇಟ್ಟ. ರಕ್ತ ನಿಂತಿಲ್ಲ, ಮತ್ತೊಂದು ಸ್ಕ್ಯಾನ್ ಆಗಬೇಕು, ಆಮೇಲೇ ಏನಾದರೂ ಹೇಳುತ್ತಾರಂತೆ.

ಒಳಕೋಣೆಯ ಬಾಗಿಲು ಹಾರುಹೊಡೆದಿದೆ, ಮಂಚ ಖಾಲಿ. ಬುಗುರಿ ಬೆಳಿಗ್ಗೆಯಿಂದ ನಾಲ್ಕಾರು ಸಲ ಇಣುಕಿ ನೋಡಿದಳು. ಆಮೇಲೆ ತಾನೇ ಬಾಗಿಲೆಳೆದು ಮುಚ್ಚಿದಳು. ಅಡುಗೆಮನೆಯಿಂದ ಚಮಚ ತಂದು, ಬೋರಲು ಮಲಗಿ, ಸಂದಿಯೊಳಗೆ ತಳ್ಳಿದಳು. ಕಾದಳು. ಯಾರೂ ತೆಗೆದುಕೊಳ್ಳಲಿಲ್ಲ. ಎಳೆದುಕೊಂಡಳು, ಮತ್ತೆ ತಳ್ಳಿದಳು. ಅಳಲಿಲ್ಲ. ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಮೊಣಕಾಲು ಲಟಲಟ ಎಂದವು. ನೆಲಕ್ಕೆ ಮಲಗಿದೆ. ತಣ್ಣಗೇನೂ ಇರಲಿಲ್ಲ, ಆ ನೆಲ ಬೇರೆ ನೆಲದ ಹಾಗೇ ಇತ್ತು. ಚಮಚ ಒಳಗೆ ಬಂತು. ತೆಗೆದುಕೊಂಡೆ. ಬೆರಳು ಚಾಚಿದೆ.

ಪುಟ್ಟ ಕೈ ಹಿಡಿಯಿತು, ಬಿಟ್ಟಿತು. ಮತ್ತೆ ಹಿಡಿದು, ಉಗುರು, ಗೆಣ್ಣು, ಉಂಗುರ, ಎಲ್ಲ ಮುಟ್ಟಿ ನೋಡಿತು.

“ಅಚ್ಚಿ,” ಎಂದಳು ಆ ಕಡೆಯಿಂದ.

“ಹೂಂ ಕಣೇ. ಅಜ್ಜಿ.”

ಆಮೇಲೆ ಒಂದು ಬಿಸ್ಕತ್ತು ಬಂತು, ಅರ್ಧ ಕಚ್ಚಿದ್ದು. ನನಗೂ ಪಾಲು ಕೊಟ್ಟಳು. ಅಲ್ಲೇ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಎಷ್ಟು ಹೊತ್ತೋ ಹಾಗೇ ಮಲಗಿದ್ದೆವು, ಅವಳು ಆ ಕಡೆ, ನಾನು ಈ ಕಡೆ.

ಸೆರಗಿನ ತುದಿಯಲ್ಲಿ ಫೋನ್ ಹೊಡೆದುಕೊಂಡಿತು. ಗಂಟು ಬಿಚ್ಚಲು ಬರಲಿಲ್ಲ, ಬಟ್ಟೆಯ ಸಮೇತ ಕಿವಿಗಿಟ್ಟೆ.

“ಅಮ್ಮಾ, ಎದೆ ಬಡಿತ ಇದೆ,” ಎಂದ ಮಗ. “ರಕ್ತ ನಿಲ್ತು. ಹೊಲಿಗೆ ಗಟ್ಟಿಯಾಗಿದೆಯಂತೆ. ಹೇಳಕ್ಕಾಗಲ್ಲ, ಆದ್ರೆ ಸದ್ಯಕ್ಕೆ ಇದೆ ಅಂದ್ರು.”

ಬಾಗಿಲ ಕೆಳಗಿನಿಂದ ಬುಗುರಿ, “ಯಾಲು?” ಎಂದು ಕೇಳಿದಳು.

“ನಿಮ್ಮಮ್ಮ ಬರ್ತಾಳೆ ಕಣೇ. ಆಸ್ಪತ್ರೆಯಲ್ಲಿದ್ದಾಳೆ, ಬರ್ತಾಳೆ.” ಈ ಸಲ ನಿಜ ಹೇಳಿದೆ.

ಮಾರ್ಚ್ ೨, ಭಾನುವಾರ

ನಿನ್ನೆ ಕರೆತಂದರು. ಮಂಚ ಅಲ್ಲೇ, ಬಾಗಿಲ ಪಕ್ಕದಲ್ಲೇ ಇದೆ. ಚಿಲಕವನ್ನು ಮಗನ ಕೈಯಲ್ಲಿ ಬಿಚ್ಚಿಸಿದ್ದೇನೆ. ಇನ್ನೂ ದಿನಗಳಿವೆ, ಪ್ರತಿ ಸಲ ಅವಳು ಬಚ್ಚಲಿಗೆ ಹೋದಾಗ ನಾನು ಹೊರಗೆ ನಿಂತು ಉಸಿರು ಬಿಗಿಹಿಡಿಯುತ್ತೇನೆ. “ಅತ್ತೆ, ಉಸಿರಾಡಿ,” ಎನ್ನುತ್ತಾಳೆ ಒಳಗಿನಿಂದ. ನನ್ನ ಕೋಟಿನ ಗುಂಡಿಯನ್ನು ಅವಳೇ ಮಲಗಿದಲ್ಲೇ ಹೊಲಿದುಕೊಟ್ಟಳು. ಹೊಲಿಗೆ ನನ್ನದಕ್ಕಿಂತ ಅಚ್ಚುಕಟ್ಟು.

ಬುಗುರಿಗೆ ಹೊಸ ಶೂ ಡಬ್ಬಿ ಬೇಕಾಯಿತು. ಮೇಷ್ಟ್ರು ತಮ್ಮ ಮನೆಯದು ತಂದುಕೊಟ್ಟರು. ಅದನ್ನು ಮಂಚದ ಪಕ್ಕ ನೆಲದ ಮೇಲಿಟ್ಟುಕೊಂಡು ಅಮ್ಮನಿಗೆ ಲೈನ್ ಕೊಡುವುದನ್ನು ಕಲಿಸುತ್ತಿದ್ದಾಳೆ.

ಇವತ್ತು ಸಂಜೆ ಗಂಜಿ ಬಿಸಿಮಾಡಿಕೊಂಡು ಹೋದರೆ ಬಾಗಿಲು ಮುಚ್ಚಿತ್ತು. ಒಳಗೆ ಪಿಸುಪಿಸು. ಹಳೆಯ ಅಭ್ಯಾಸ, ಕಾಲು ತಾನಾಗಿ ಹಿಂದಕ್ಕೆ ತಿರುಗಿತು. ನಿಲ್ಲಿಸಿದೆ. ಬಾಗಿಲಿಗೆ ಕಿವಿ ಹಚ್ಚಿದೆ, ನಾಚಿಕೆಯಿಲ್ಲದೆ.

“ಯಾರೋ ಬಂದ್ರು ನೋಡು,” ಎಂದಳು ಸೊಸೆ.

ಬುಗುರಿ ದನಿ ತೆಳ್ಳಗೆ ಮಾಡಿ ಕೂಗಿದಳು. “ನಂಬಲ್ ಪ್ಲೀಸ್!”

ಸಾವಿರಾರು ಜನಕ್ಕೆ ಕೇಳಿದ ಪ್ರಶ್ನೆ, ನನಗೆ ಯಾರೂ ಕೇಳಿರಲಿಲ್ಲ.

“ಬುಗುರಿಯ ಅಮ್ಮ ಬೇಕು,” ಎಂದೆ.

ಒಳಗೆ ಮತ್ತೆ ಪಿಸುಪಿಸು. ಆಮೇಲೆ ಗಟ್ಟಿಯಾಗಿ, “ಲೈನ್ ಬಿಜಿ ಇದೆ!”

ಇಬ್ಬರೂ ಬಿದ್ದು ಬಿದ್ದು ನಗುವ ಸದ್ದು. “ಹೊಟ್ಟೆ ಅಲ್ಲಾಡಿಸ್ಬೇಡ್ರೇ!” ಎಂದು ಬೈದೆ. ಇನ್ನೂ ಜೋರಾಗಿ ನಕ್ಕರು.

ಚಿಲಕವಿಲ್ಲದ ಬಾಗಿಲು, ತಳ್ಳಿದರೆ ತೆರೆಯುತ್ತಿತ್ತು. ತಳ್ಳಲಿಲ್ಲ. ಲೈನ್ ಬಿಜಿ ಇದ್ದರೆ ಕಾಯಬೇಕು. ಗಂಜಿಯ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲ ಮುಂದೆ ನೆಲದ ಮೇಲೆ ಕೂತು ಕಾದೆ.